ಹುರುಳಿ ತಿಂದರೆ ಎತ್ತಿಗೆ ಗ್ಯಾಸ್ ಆಗಲ್ವಾ?

"ಡಾಕ್ಟ್ರೇ, ಹುರುಳಿ ತಿಂದ್ರೆ ನಮಗೇ ಹೊಟ್ಟೆ ಉಬ್ಬುತ್ತೆ. ದಿನಾ ತಿನ್ನೋ ಎತ್ತಿಗೆ ಯಾಕೆ ಏನೂ ಆಗಲ್ಲ?"

ಪಶುವೈದ್ಯನಾದ ನನ್ನನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಜನ ಹೆಚ್ಚಾಗಿ ಕೇಳುವುದು ಇದನ್ನೇ. ನನಗೆ ತುಂಬ ಇಷ್ಟದ ಪ್ರಶ್ನೆ. ಎತ್ತಿಗೂ ಗ್ಯಾಸ್ ಆಗುತ್ತದೆ, ನಮಗಿಂತ ಎಷ್ಟೋ ಪಟ್ಟು ಜಾಸ್ತಿ. ಅದು ತೇಗಿ ಹೊರಗೆ ಹಾಕುತ್ತದೆ.

ಹುರುಳಿ, ಅಲಸಂದೆ, ಸೋಯಾ, ಉದ್ದು ಎಲ್ಲದರಲ್ಲೂ ರ‍್ಯಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳಿವೆ. ಮೊಳಕೆ ಬರುವಾಗ ಬೇಕಾಗುತ್ತದೆ ಎಂದು ಗಿಡ ಕೂಡಿಟ್ಟ ಬುತ್ತಿ ಅದು. ಇವನ್ನು ಒಡೆಯಲು ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ಮನುಷ್ಯ, ಹಂದಿ, ಕೋಳಿ ಯಾರ ಸಣ್ಣ ಕರುಳೂ ಅದನ್ನು ತಯಾರಿಸುವುದಿಲ್ಲ. ಎತ್ತಿನ ಕರುಳೂ ಅಷ್ಟೇ. ಆದರೆ ಸೂಕ್ಷ್ಮಾಣುಗಳ ಹತ್ತಿರ ಅದು ಇದೆ. ಹಾಗಾಗಿ ಆ ಸೂಕ್ಷ್ಮಾಣುಗಳು ಹೊಟ್ಟೆಯ ಯಾವ ಜಾಗದಲ್ಲಿ ಕೂತಿವೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಎತ್ತಿನಲ್ಲಿ ಅವು ಬಾಗಿಲಲ್ಲೇ ಕೂತಿವೆ. ಮೊದಲ ಹೊಟ್ಟೆ, ಅಂದರೆ ರೂಮೆನ್, ದೊಡ್ಡ ದನದಲ್ಲಿ 100 ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ನುಂಗಿದ್ದೆಲ್ಲ ಮೊದಲು ಅಲ್ಲಿ ಹುದುಗುತ್ತದೆ. ನಮಗೆ ಕಾಟ ಕೊಡುವ ಸಕ್ಕರೆ ಅಲ್ಲೇ ಒಡೆದು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳಾಗುತ್ತದೆ. ದನದ ಶಕ್ತಿಯಲ್ಲಿ ಸುಮಾರು 70% ಬರುವುದು ಇಂಥ ಆಮ್ಲಗಳಿಂದಲೇ. ಹುದುಗಿಸಿದ ಸೂಕ್ಷ್ಮಾಣುಗಳೂ ಮುಂದೆ ಕರುಳಿಗೆ ಇಳಿದು ಜೀರ್ಣವಾಗುತ್ತವೆ. ಪ್ರೋಟೀನೂ ಸಿಕ್ಕಿತು, ಅಲ್ವಾ?

ನಮ್ಮಲ್ಲೂ ಹಂದಿಯಲ್ಲೂ ಈ ಕೆಲಸ ಕೊನೆಯಲ್ಲಿ, ದೊಡ್ಡ ಕರುಳಿನಲ್ಲಿ ನಡೆಯುತ್ತದೆ. ಒಂದಿಷ್ಟು ಆಮ್ಲ ಮೈಗೆ ಹತ್ತುತ್ತದೆ, ಬ್ಯುಟಿರಿಕ್ ಆಮ್ಲ ಕರುಳಿನ ಒಳಪದರಕ್ಕೆ ಒಳ್ಳೆಯ ಆಹಾರ ಕೂಡ. ಆದರೆ ಗ್ಯಾಸ್ ತೇಗಾಗಿ ಮೇಲೆ ಬರುವ ಹಾದಿಯಿಲ್ಲ. ಹಾಲು ಬಿಡಿಸಿದ ಹಂದಿಮರಿಗೆ ಇಂಥ ಕಾಳು ಜಾಸ್ತಿಯಾದರೆ ಭೇದಿಯಾಗುವುದುಂಟು. ಕೋಳಿಗೆ ಹುದುಗಿಸುವ ಜಾಗವೇ ಕಡಿಮೆ. ಸೋಯಾ ಹಿಂಡಿಯ ಆ ಸಕ್ಕರೆಯಿಂದ ಅದಕ್ಕೆ ಸಿಗುವ ಶಕ್ತಿ ಅಲ್ಪ, ಹಿಕ್ಕೆ ಮಾತ್ರ ಅಂಟಂಟಾಗುತ್ತದೆ.

"ಹಾಗಾದ್ರೆ ಎತ್ತಿಗೆ ಬೇಯಿಸಿ ಯಾಕೆ ಕೊಡಬೇಕು?" ಎಂಬುದು ಮುಂದಿನ ಪ್ರಶ್ನೆ. ಹುರುಳಿ ಗಟ್ಟಿ ಕಾಳು. ಹಸಿಯಾಗಿ ಕೊಟ್ಟರೆ ಎಷ್ಟೋ ಕಾಳು ಇಡಿಯಾಗಿಯೇ ಸಗಣಿಯಲ್ಲಿ ಬೀಳುತ್ತದೆ. ಬೆಂದರೆ ಹಿಟ್ಟಿನಂಶ ಸಡಿಲವಾಗುತ್ತದೆ. ಗ್ಯಾಸಿನ ಸಕ್ಕರೆ ಮಾತ್ರ ಬೆಂಕಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದು ನೀರಿಗೆ ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹುರುಳಿ ಬೇಯಿಸಿ ಕಾಳು ದನಕ್ಕೆ, ಕಟ್ಟು ಸಾರಿಗೆ ಎಂದು ಹಂಚುತ್ತಿದ್ದರಲ್ಲ, ಆಗ ಆ ಸಕ್ಕರೆಯ ಒಂದು ಪಾಲು ಸಾರಿನ ಜೊತೆ ನಮ್ಮ ತಟ್ಟೆಗೇ ಬರುತ್ತಿತ್ತು. ಹೊಟ್ಟೆ ಸೂಕ್ಷ್ಮ ಇರುವವರು ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು, ಬುತ್ತಿಯನ್ನು ಮೊಳಕೆಯೇ ಉಂಡಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾಳಿನ ಮೂಟೆ ದನದ ಬಾಯಿಗೆ ಸಿಗುವ ಹಾಗೆ ಇಡಬೇಡಿ. ಹಗ್ಗ ಬಿಚ್ಚಿಕೊಂಡ ಹಸು ಒಂದೇ ರಾತ್ರಿ ಕಾಳೋ ಹಿಟ್ಟೋ ಹೊಟ್ಟೆ ತುಂಬ ತಿಂದರೆ ರೂಮೆನ್ ಹುಳಿಯಾಗಿ ಕೆಲಸ ನಿಲ್ಲಿಸಬಹುದು. ಮೆಲುಕು ನಿಂತಿದ್ದರೆ, ಎಡಗಡೆ ಪಕ್ಕೆಯ ಹಿಂದಿನ ಗುಳಿ ಉಬ್ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಡಾಕ್ಟರನ್ನು ಕರೆಸಿ.