ಈ ವರ್ಷ ಬೆಂಕಿಗೇನ್ ಹುಚ್ಚ ಹಿಡೀತು?

ಮೊನ್ನೆ ಮಟಮಟ ಮಧ್ಯಾಹ್ನ ನಮ್ಮ ಕಾಕಾ ಕಬ್ಬ ಕಡದ ಹೊಲದಾಗ ರವದಿಗೆ, ಅಂದ್ರ ಕಡದ ಮ್ಯಾಲೆ ಉಳಿಯೂ ಒಣ ಗರಿಗೆ, ಬೆಂಕಿ ಹಚ್ಚಿದಾ, ಗಾಳಿ ಎದ್ದು ಬಾಜೂ ಹೊಲದ ದೊಡ್ಡವ್ವನ ಕಣಕಿ ಬಣವಿ ಪೂರಾ ಹೋತು, ಅದರಾಚೆ ನಿಂತಿದ್ದ ಕಬ್ಬೂ ಒಂದಿಷ್ಟ ಹೋತು. ಮುಧೋಳದಿಂದ ಅಗ್ನಿಶಾಮಕ ಗಾಡಿ ಬರೂದ್ರೊಳಗ ಊರ ಮಂದಿ ಹಸಿ ಟೊಂಗಿ ತಗೊಂಡ ಬಡದು, ನಡುವ ಟ್ರ್ಯಾಕ್ಟರ್ ಹೊಡದು ಪಟ್ಟಿ ತಗದು ಹೆಂಗೋ ಆರಿಸಿದ್ರು. ಎಲ್ಲಾ ಮುಗದ ಮ್ಯಾಲೆ ಕಾಕಾ ಬದುವಿನ ಮ್ಯಾಲೆ ಕುಂತ ಅಂದಾ, "ವರ್ಷಾ ಸುಡತೇವಿ, ಈ ವರ್ಷ ಬೆಂಕಿಗೇನ್ ಹುಚ್ಚ ಹಿಡೀತೋ ತಮ್ಮಾ?"

ಆ ಮಾತ ನನ್ನ ತಲ್ಯಾಗಿಂದ ಹೋಗವಲ್ದು. ಕಾಕಾ ಕೆಟ್ಟ ಮನಷ್ಯಾ ಅಲ್ಲ, ಯಾರದರ ಎಮ್ಮಿ ಈಯಲಾರದ ಒದ್ದಾಡಾಕತ್ತಿದ್ರ ನಡುರಾತ್ರಿ ಎದ್ದ ಹೋಗಾಂವ. ಬಣವಿ ಉರಿಯೂದ ನೋಡಿ ಅವನ ಕೈ ನಡಗಾಕತ್ತಿದ್ವು. ಆದ್ರ ವರ್ಷಾ ಸುಡತೇವಿ ಅನ್ನೂದ ಖರೆ ಇದ್ರೂ, ಸುಡೂ ಹೊಲ, ಬೀಸೂ ಗಾಳಿ ಎರಡೂ ಹಳೇವು ಉಳದಿಲ್ಲ.

ಗಾಳಿ ಒಂದ ಡಿಗ್ರಿ ಸೆಲ್ಸಿಯಸ್ ಬಿಸಿ ಆದ್ರ ಸುಮಾರು 7% ಹೆಚ್ಚಿಗಿ ನೀರಾವಿ ಹಿಡಕೊಳ್ಳೂ ತಾಕತ್ ಬರ್ತೈತಿ, ಮಳಿಗಾಲದಾಗ ಅದನ್ನ ಒಮ್ಮೆಲೆ ಸುರೀತೈತಿ, ಬ್ಯಾಸಗ್ಯಾಗ ಎಲಿ, ಹುಲ್ಲು, ಮಣ್ಣು ಎಲ್ಲಾದ್ರಾಗಿಂದ ಹೀರತೈತಿ. ಇಡೀ ಜಗತ್ತಿನ ಲೆಕ್ಕದಾಗ 2024 ದಾಖಲಾದ ವರ್ಷಗಳಾಗ ಎಲ್ಲಾಕ್ಕಿಂತ ಬಿಸಿ ವರ್ಷ. ಮಳಿ ಛಲೋ ಆತಂದ್ರ ಬದುವಿನ ಹುಲ್ಲ ಎದಿಮಟ ಬೆಳೀತೈತಿ, ಅದs ಹುಲ್ಲ ಶಿವರಾತ್ರಿ ಹೊತ್ತಿಗೆ ಒಣಗಿ ಹೊಲದಿಂದ ಹೊಲಕ್ಕ ಬೆಂಕಿ ದಾಟಸ್ತೈತಿ. ಮೊದಲ ಆ ಹುಲ್ಲ ಕುರಿ ಮೇದ ಹೋಗತಿದ್ವು, ಈಗ ಕುರಿ ಕಾಯಾವ್ರ ಎಲ್ಲದಾರ.

ಇದ್ರಾಗ ನಮ್ಮ ಪಾಲೂ ಐತಿ. ನಮ್ಮ ಅಜ್ಜನ ಕಾಲಕ್ಕ ಕಬ್ಬಿನ ಬಾಜೂಕ ಜ್ವಾಳ, ಅದರ ಬಾಜೂಕ ಕಡ್ಲಿ, ನಡುವ ಖಾಲಿ ಬಿಟ್ಟ ನೆಲ, ಬೆಂಕಿ ಬಿದ್ರೂ ಎಲ್ಲರ ಒಂದ ಕಡೆ ನಿಲ್ಲತಿತ್ತು. ಈಗ ಘಟಪ್ರಭಾ ದಂಡಿಗುಂಟ ನೋಡ್ರಿ, ಕಣ್ಣ ಮುಟ್ಟೂತನಾ ಕಬ್ಬ.

ಕಬ್ಬ ಬಿಟ್ಟ ಭೂಮಿನೂ ಹಂಗs ಬಿಟ್ರ ಅಪಾಯನ. ಹವಾಯಿಯ ಮಾವಿ ದ್ವೀಪದಾಗ ಲಹೈನಾ ಅಂತ ಊರು, ಅಲ್ಲಿ ಸಕ್ಕರಿ ಕಾರ್ಖಾನಿ 1999ಕ್ಕ ಬಂದ್ ಆತು, ದ್ವೀಪದ ಕಡೀ ಕಬ್ಬಿನ ತೋಟ 2016ಕ್ಕ. ಪಾಳ ಬಿದ್ದ ಭೂಮ್ಯಾಗ ದನಕ್ಕಂತ ತಂದಿದ್ದ ಗಿನಿ ಹುಲ್ಲ ಹಬ್ಬಿತು, ನಾವೂ ಎಮ್ಮಿಗೆ ಬೆಳಸ್ತೇವಲ್ಲ ಅದs. 2023ರ ಆಗಸ್ಟ್‌ನ್ಯಾಗ ಬರ, ಬಿರುಗಾಳಿ, ಹರದ ಬಿದ್ದ ಕರೆಂಟ್ ವೈರ್, ಊರಿಗೆ ಊರs ಸುಟ್ಟ ಹೋತು, ನೂರರ ಆಜೂಬಾಜೂ ಮಂದಿ ಸತ್ರು. ಅದನ್ನ ಓದಿದಾಗಿಂದ ನಮ್ಮ ಹೊಲದ ಮ್ಯಾಲೆ ಜೋತ ಬಿದ್ದಿರೂ ಕರೆಂಟ್ ವೈರ್ ನೋಡಿದ್ರ ಎದಿ ಝಲ್ ಅಂತೈತಿ.

ದೊಡ್ಡವ್ವನ ಎಮ್ಮಿಗೆ ಮಳಿಗಾಲತನಾ ಮೇವ ಕೊಡೂದ ಕಾಕಾ ಒಪ್ಪ್ಯಾನ. ಯಾರೂ ಪಂಚಾಯ್ತಿ ಕೂಡಸಬೇಕಾಗಲಿಲ್ಲ, ಅವ್ನs ಹೋಗಿ ಹೇಳಿ ಬಂದಾ. ಮ್ಯಾಗಿನ ಹೊಲದ ಕಬ್ಬ ಇನ್ನೂ ಕಡಿಯೂದೈತಿ. ಎಕರೆಕ್ಕ ಮೂರ್ನಾಕ ಟನ್ ರವದಿ ಬೀಳತೈತಿ, ಪುಡಿ ಮಾಡಿ ಸಾಲಿನ್ಯಾಗ ಹೊಚ್ಚಿದ್ರ ನೆಲದ ಹಸಿ ಉಳೀತೈತಿ, ಗೊಬ್ಬರಾನೂ ಆಗ್ತೈತಿ, ಸುಡಬ್ಯಾಡ ಅಂದೆ. "ಮಷೀನ್ ಬಾಡಗಿ ಯಾರ ಕೊಡ್ತಾರ?" ಅಂದಾ. ಕೇಳಿದ್ದ ಬರೋಬ್ಬರಿ ಐತಿ, ಕಡ್ಡಿ ಗೀರೂದಕ್ಕ ಖರ್ಚಿಲ್ಲ, ಸುಡಲಾರದ ಇರೂದಕ್ಕ ರೊಕ್ಕ ಬೇಕು, ರೈತ ಒಬ್ಬನs ಅದನ್ನ ಹೊರಬೇಕಂದ್ರ ಆಗಲ್ಲ, ಕಬ್ಬ ಒಯ್ಯೂ ಕಾರ್ಖಾನಿ, ಸರ್ಕಾರ ಎಲ್ಲಾರೂ ಇದ್ರಾಗ ಪಾಲ ಕೊಡಬೇಕು. ಈ ಸಲ ಅರ್ಧಾ ಬಾಡಗಿ ನಾ ಕೊಡ್ತೇನಂತ ಹೇಳೇನಿ, ಕಾಕಾ ಇನ್ನೂ ಹೂಂ ಅಂದಿಲ್ಲ, ಕಬ್ಬ ಕಡಿಯೂ ಗ್ಯಾಂಗ್ ಬರೂದ್ರೊಳಗ ಇನ್ನೊಮ್ಮೆ ಮಾತಾಡತೇನಿ.