ಚುನಾವಣೆಯ ತಾರೀಕು ತಪ್ಪಿದಾಗ

ದಾವಣಗೆರೆ ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು. 2025 ಬಂದರೂ ಹೊಸಬರು ಬರಲಿಲ್ಲ, ಕುರ್ಚಿಯಲ್ಲಿ ಆಡಳಿತಾಧಿಕಾರಿ. ಚಿತ್ರದುರ್ಗದಲ್ಲೂ ಹೀಗೇ. ಸಂವಿಧಾನದ 243ಇ ವಿಧಿಯಲ್ಲಿ ಗೊಂದಲವೇನೂ ಇಲ್ಲ: ಪಂಚಾಯಿತಿಯ ಆಯಸ್ಸು ಐದೇ ವರ್ಷ, ಅದು ತೀರುವುದರೊಳಗೆ ಚುನಾವಣೆ ಮುಗಿದಿರಬೇಕು. ಕ್ಷೇತ್ರ ವಿಂಗಡಣೆ ಬಾಕಿಯಿದೆ ಎಂದು ಚುನಾವಣೆ ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿದೆ. ಆದರೂ 2021ರಲ್ಲಿ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ತಿದ್ದಿ, ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟು ಎನ್ನುತ್ತಲೇ ವರ್ಷಗಳು ಉರುಳಿದವು. 2023ರಲ್ಲಿ ಸರ್ಕಾರ ಬದಲಾಯಿತು, ತಾರೀಕು ಮಾತ್ರ ಬರಲಿಲ್ಲ.

ಇದನ್ನು ಸರ್ವಾಧಿಕಾರ ಎಂದು ಕರೆದರೆ ಆ ಪದದ ತೂಕ ಕಳೆದೀತು. ಆದರೂ ಭಾಷಣಗಳಿಗಿಂತ ಮೊದಲು ನೋಡಬೇಕಾದದ್ದು ತಾರೀಕನ್ನೇ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲದ ತುರ್ತುಪರಿಸ್ಥಿತಿಯನ್ನೇ ತೆಗೆದುಕೊಳ್ಳಿ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಸಹಿ ಹಾಕಿದರು, ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ. ಆಧಾರ, 352ನೇ ವಿಧಿಯಲ್ಲಿದ್ದ 'ಆಂತರಿಕ ಕ್ಷೋಭೆ' ಎಂಬ ಎರಡು ಪದ. 1976ರಲ್ಲಿ ನಡೆಯಬೇಕಿದ್ದ ಲೋಕಸಭಾ ಚುನಾವಣೆ ಮುಂದಕ್ಕೆ ಹೋಯಿತು. 42ನೇ ತಿದ್ದುಪಡಿಯಂತೂ ಲೋಕಸಭೆಯ ಅವಧಿಯನ್ನೇ ಆರು ವರ್ಷ ಮಾಡಿತು. ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರೆ, ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು.

1977ರ ಮತದಾನ ಸರ್ಕಾರವನ್ನು ಇಳಿಸಿತು ಎಂಬಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ನಿಜವಾದ ರಿಪೇರಿ 1978ರ 44ನೇ ತಿದ್ದುಪಡಿಯಲ್ಲಿದೆ. ದುರುಪಯೋಗವಾದ ಒಂದೊಂದು ಸಂದಿಯನ್ನೂ ಹುಡುಕಿ ಮುಚ್ಚಿದರು. 'ಕ್ಷೋಭೆ'ಯ ಜಾಗಕ್ಕೆ 'ಸಶಸ್ತ್ರ ಬಂಡಾಯ' ಬಂತು. ಸಂಪುಟದ ಲಿಖಿತ ಸಲಹೆಯಿಲ್ಲದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ಒಂದು ತಿಂಗಳೊಳಗೆ ಎರಡೂ ಸದನಗಳ ವಿಶೇಷ ಬಹುಮತ ಬೇಕು, ಮುಂದುವರಿಸಲು ಆರು ತಿಂಗಳಿಗೊಮ್ಮೆ ಮತ್ತೆ ಬೇಕು. 20 ಮತ್ತು 21ನೇ ವಿಧಿಯ ಹಕ್ಕುಗಳನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ. ಲೋಕಸಭೆಯ ಅವಧಿ ಮತ್ತೆ ಐದಕ್ಕೆ ಇಳಿಯಿತು. ಜನತಾ ಸರ್ಕಾರಕ್ಕೆ ರಾಜ್ಯಸಭೆಯಲ್ಲಿ ಬಲವಿರಲಿಲ್ಲ. ಕೆಲವು ಕಲಂ ಬಿಟ್ಟುಕೊಟ್ಟು, ಸೋತ ಪಕ್ಷದವರ ಮತವನ್ನೂ ಪಡೆದೇ ಇದನ್ನು ದಾಟಿಸಿದರು. ನನಗೆ ಇದು ಆ ಸರ್ಕಾರದ ಅತಿ ದೊಡ್ಡ ಕೆಲಸ. ಆದರೆ ಆ 1976ರ ತೀರ್ಪು ರದ್ದಾಗಲು 2017 ಬರಬೇಕಾಯಿತು, ಅದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಪ್ರಕರಣದಲ್ಲಿ. ಕೆಡಿಸಲು ತಿಂಗಳುಗಳು ಸಾಕು, ಸರಿಪಡಿಸಲು 41 ವರ್ಷ.

ಸರಿಪಡಿಸುವ ಕಷ್ಟ ನಮ್ಮದಷ್ಟೇ ಅಲ್ಲ. ಪೋಲೆಂಡಿನಲ್ಲಿ 2023ರ ಅಕ್ಟೋಬರಿನಲ್ಲಿ ಸುಮಾರು ಶೇ 74ರಷ್ಟು ಜನ ಮತ ಹಾಕಿ ಸರ್ಕಾರ ಬದಲಿಸಿದರು. ರಾಷ್ಟ್ರಪತಿ ಹಿಂದಿನ ಆಳುವ ಪಕ್ಷದ ಕಡೆಯವರಾಗಿದ್ದರಿಂದ ಆ ಪಕ್ಷ ಕೆಡಿಸಿದ್ದ ನ್ಯಾಯಾಂಗವನ್ನು ಸರಿಪಡಿಸುವ ಕಾನೂನುಗಳಿಗೆ ಅಲ್ಲೇ ತಡೆ ಬಿತ್ತು.

ಇನ್ನು ನಮ್ಮ ಬೂತಿನ ಮಾತು. ಕರಡು ಮತದಾರರ ಪಟ್ಟಿ ಬಂದ ದಿನವೇ ಮನೆಯವರದ್ದಷ್ಟೇ ಅಲ್ಲ, ಇಡೀ ಬೀದಿಯ ಹೆಸರು ನೋಡಿ. ಹೆಸರು ಕೈಬಿಡಿಸಲು ಬಳಸುವುದು ನಮೂನೆ 7; ಯಾರ ಮೇಲೆ ಬಂದಿದೆ ಎಂದು ಬೂತ್ ಮಟ್ಟದ ಅಧಿಕಾರಿಯನ್ನು (ಬಿಎಲ್‌ಓ) ಕೇಳಿ. ಸೇರಿಸಲು ನಮೂನೆ 6, ತಿದ್ದಲು 8. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಮತದಾನದ ಸಂಜೆ ಪ್ರತಿ ಏಜೆಂಟರೂ ನಮೂನೆ 17ಸಿಯ ಪ್ರತಿ ಪಡೆದೇ ಹೊರಡಬೇಕು. ಬೂತಿನಲ್ಲಿ ಬಿದ್ದ ಮತಗಳ ಲೆಕ್ಕ ಅದರಲ್ಲಿರುತ್ತದೆ. ಊಟದ ಹೊತ್ತು, ಬಸ್ಸಿನ ಹೊತ್ತು ಎಂದು ಅದನ್ನು ಬಿಟ್ಟು ಹೋದರೆ ಎಣಿಕೆಯ ದಿನ ಹೋಲಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಅಂಕಿ ತಾಳೆಯಾಗದಿದ್ದರೆ ಮರುಎಣಿಕೆಯ ಅರ್ಜಿಯನ್ನು ಕಾರಣ ಸಹಿತ, ಬರಹದಲ್ಲಿ, ಫಲಿತಾಂಶ ಘೋಷಿಸುವುದಕ್ಕೆ ಮುಂಚೆ ಚುನಾವಣಾಧಿಕಾರಿಗೆ ಕೊಡಬೇಕು.