ಬೇರೆ ಮುಖದ ಸ್ಪಾಕ್‌ನ ಹೆಂಗೆ ಒಪ್ಕೊಂಡ್ರಿ?

ಟಿವಿ, ಡಿಶ್ಶು, ಇಂಟರ್ನೆಟ್ ಕೇಬಲ್ಲು ರಿಪೇರಿ ನನ್ನ ಕೆಲಸ. ಗೋಣಿಕೊಪ್ಪದಿಂದ ವಿರಾಜಪೇಟೆ ತನಕ ಎಲ್ಲಿ ಲೈನ್ ಮೇಲೆ ಮರ ಬಿದ್ರೂ ಫೋನ್ ನನಗೇ ಬರತ್ತೆ, ಹಿಂಗೆ ಮನೆಮನೆ ತಿರುಗ್ತಾ ತಿರುಗ್ತಾ ನನಗೆ ಸ್ಟಾರ್ ಟ್ರೆಕ್ ಹುಚ್ಚು ಅನ್ನೋದು ಈ ಕಡೆ ಸುಮಾರು ಜನಕ್ಕೆ ಗೊತ್ತಾಗಿಬಿಟ್ಟಿದೆ. ಅವರಲ್ಲಿ ನೋಡೋ ಅಭ್ಯಾಸ ಇರೋರು ಕಾಫಿ ಲೋಟ ಕೈಗೆ ಕೊಡ್ತಾ ಕೇಳೋದು ಒಂದೇ ಪ್ರಶ್ನೆ. ಹಳೇ ಸ್ಪಾಕ್ ನೋಡಿ ಬೆಳೆದೋರು ನೀವು, ಈಗ ಬೇರೆ ಯಾರೋ ಬಂದು ಚೂಪು ಕಿವಿ ಅಂಟಿಸ್ಕೊಂಡು ನಾನೇ ಸ್ಪಾಕ್ ಅಂದ್ರೆ ಹೆಂಗೆ ಒಪ್ಕೋತೀರಿ, ಕಥೆನೂ ಹಳೇದಕ್ಕೆ ಪೂರ್ತಿ ಹೊಂದಲ್ವಲ್ಲಾ ಅಂತ. ನಿಂತ ಕಾಲಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಇದು, ಅದಕ್ಕೇ ಇಲ್ಲಿ ಬರೀತಿದೀನಿ.

ಗೊತ್ತಿಲ್ದೋರಿಗೆ ಎರಡು ಮಾತು. ಮೊದಲನೇ ಸ್ಟಾರ್ ಟ್ರೆಕ್ ಅಮೆರಿಕದಲ್ಲಿ 1966ರಿಂದ 1969ರ ತನಕ ಬಂತು, ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶದ ಹಡಗು, ಅದಕ್ಕೆ ಕರ್ಕ್ ಅಂತ ಕ್ಯಾಪ್ಟನ್, ಅವನ ಕೈಕೆಳಗೆ ಬೇರೆ ಗ್ರಹದಿಂದ ಬಂದ ಚೂಪು ಕಿವಿಯ ಅಧಿಕಾರಿ ಸ್ಪಾಕ್. 2022ರಲ್ಲಿ ಶುರುವಾದ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಅದಕ್ಕಿಂತ ಹಿಂದಿನ ಕಥೆ, ಕರ್ಕ್ ಇನ್ನೂ ಆ ಹಡಗಿಗೆ ಕ್ಯಾಪ್ಟನ್ ಆಗಿಲ್ಲ, ಪೈಕ್ ಅನ್ನೋರು ಕ್ಯಾಪ್ಟನ್. ಅವೇ ಪಾತ್ರಗಳು, ವಯಸ್ಸು ಮಾತ್ರ ಚಿಕ್ಕದು, ಅಂದ್ಮೇಲೆ ಹೊಸ ನಟರು ಬರ್ಲೇಬೇಕು. ಹಳೇ ಸ್ಪಾಕ್ ಮಾಡಿದ್ದ ಲಿಯೊನಾರ್ಡ್ ನಿಮೊಯ್ 2015ರಲ್ಲೇ ತೀರ್ಕೊಂಡ್ರು, ಈಗ ಸ್ಪಾಕ್ ಮಾಡ್ತಿರೋದು ಈಥನ್ ಪೆಕ್.

ನಾನು ಮೊದಲು ಸ್ಪಾಕ್‌ನ ನೋಡಿದ್ದು ದೂರದರ್ಶನದಲ್ಲಿ, ಎಂಬತ್ತರ ದಶಕ, ಭಾನುವಾರ ಬೆಳಿಗ್ಗೆ. ನೋಡಿದ್ದು ಅಂತ ಹೇಳೋದೂ ಕಷ್ಟಾನೇ. ನಮ್ಮನೆ ಆಂಟೆನಾನ ಹೆಂಚಿನ ಪಕ್ಕ ಬಿದಿರಿನ ಗಳಕ್ಕೆ ಕಟ್ಟಿತ್ತು, ಎದುರುಗಡೆ ಸಾಲಾಗಿ ಸಿಲ್ವರ್ ಓಕ್, ಗಾಳಿಗೆ ಮರ ಆಡಿದ್ರೆ ಚಿತ್ರಾನೂ ಆಡೋದು. ಅಣ್ಣ ಗೋಣಿಚೀಲ ಹೊದ್ಕೊಂಡು ಹೊರಗೆ ಗಳ ತಿರುಗ್ಸೋನು, ಬಂತಾ ಅಂತ ಕೂಗೋನು, ನಾನು ಒಳಗಿಂದ ಇಲ್ಲ ಇಲ್ಲ ಇನ್ನೂ ಸ್ವಲ್ಪ ತೋಟದ ಕಡೆ ಅನ್ನೋನು, ಬಂತು ಬಂತು ಅನ್ನೋಷ್ಟರಲ್ಲಿ ಮತ್ತೆ ಹೋಗೋದು. ಪರದೆ ತುಂಬಾ ಇರುವೆ ಮುತ್ಕೊಂಡ ಹಂಗೆ ಚುಕ್ಕಿ. ಆ ಚುಕ್ಕಿ ಹಿಂದೆ ನೆಟ್ಟಗೆ ನಿಂತ ಒಂದು ಆಕಾರ, ಎರಡು ಕಿವಿ, ಬೆನ್ನ ಹಿಂದೆ ಕಟ್ಟಿದ ಕೈ, ಅವಸರಾನೇ ಇಲ್ಲದ ಒಂದು ದನಿ. ಇಂಗ್ಲಿಷ್ ಅರ್ಧಕ್ಕರ್ಧ ತಿಳೀತಿರಲಿಲ್ಲ, ಆದ್ರೂ ಆ ಮನುಷ್ಯನ್ನ ನಂಬಬಹುದು ಅನ್ನೋದು ತಿಳೀತಿತ್ತು. ನಿಮೊಯ್ ಮುಖ ಸ್ಪಷ್ಟವಾಗಿ ಕಂಡಿದ್ದು ಎಷ್ಟೋ ವರ್ಷ ಆದ್ಮೇಲೆ ಸಿಡಿ ಸಿಕ್ಕಾಗ. ಹಂಗಾಗಿ ಈಥನ್ ಪೆಕ್ ಮೊದಲ ಸಲ ಕೈ ಹಿಂದೆ ಕಟ್ಕೊಂಡು ನಿಂತು ಆ ಆಳದ ದನಿಯಲ್ಲಿ ಮಾತಾಡಿದಾಗ ನನಗೆ ಬೇರೆ ಯಾರೋ ಅಂತ ಅನ್ನಿಸ್ಲೇ ಇಲ್ಲ.

ನಮ್ಮ ಕಡೆ ತೆರೆ ಕಟ್ಟೋದನ್ನ, ಅಂದ್ರೆ ಬಣ್ಣ ಹಚ್ಕೊಂಡು ದೈವದ ವೇಷದಲ್ಲಿ ಕುಣಿಯೋದನ್ನ ನೋಡಿದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಒಂದು ವರ್ಷ ಅಪ್ಪ ಕಟ್ತಾನೆ, ಮುಂದೆ ಮಗ ಕಟ್ತಾನೆ, ಬಣ್ಣ ಬಿದ್ದು ಚೆಂಡೆ ಶುರುವಾದ್ಮೇಲೆ ಅಯ್ಯೋ ಹೋದ್ಸಲದ ಮುಖ ಅಲ್ಲ ಅಂತ ಯಾರೂ ಎದ್ದು ಹೋಗಲ್ಲ. ಹೆಜ್ಜೆ ತಪ್ಪಿದ್ರೆ ಮಾತ್ರ ಹಿರಿಯರ ಹುಬ್ಬು ಗಂಟಾಗತ್ತೆ. ಸ್ಪಾಕ್‌ಗೂ ಅಂಥ ಹೆಜ್ಜೆಗಳಿವೆ, ಅವನ್ನ ಹಾಕ್ಕೊಟ್ಟಿದ್ದು ನಿಮೊಯ್ ಅವರೇ. ನಾಲ್ಕು ಬೆರಳು ಎರಡೆರಡಾಗಿ ಬಿಡಿಸಿ ಕೈ ಎತ್ತೋ ಆ ನಮಸ್ಕಾರ, ಅದು ಅವರು ಚಿಕ್ಕವರಿದ್ದಾಗ ಬಾಸ್ಟನ್‌ನಲ್ಲಿ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡೋವಾಗ ಕಂಡಿದ್ದು, 1967ರ ಒಂದು ಎಪಿಸೋಡಿಗೆ ಅದನ್ನೇ ತಂದ್ರು. ಭುಜದ ಹತ್ರ ಹಿಡಿದು ಪ್ರಜ್ಞೆ ತಪ್ಪಿಸೋ ಪಟ್ಟೂ ಅವರದ್ದೇ, ಸ್ಕ್ರಿಪ್ಟಲ್ಲಿ ಹಿಂದಿಂದ ಹೊಡೆದು ಬೀಳಿಸ್ತಾನೆ ಅಂತಿತ್ತಂತೆ, ಸ್ಪಾಕ್ ಹಂಗೆ ಹೊಡೆಯೋನಲ್ಲ ಅಂತ ಇವರು ಇದನ್ನ ಹುಡುಕಿದ್ರು. ಈಗ ಪೆಕ್ ಕೈ ಎತ್ತಿದ್ರೆ ಅದರೊಳಗೆ ನಿಮೊಯ್ ಇರ್ತಾರೆ, ಅವರು ನೋಡಿದ ಆ ಪುರೋಹಿತರೂ ಇರ್ತಾರೆ. ಇದನ್ನ ನಕಲು ಅನ್ನೋಕೆ ನನಗೆ ಬಾಯಿ ಬರಲ್ಲ.

ಮತ್ತೆ ನಟರು ಬದಲಾಗೋದು ಹೊಸ ಕಾಯಿಲೆ ಏನಲ್ಲ. ಸ್ಟಾರ್ ಟ್ರೆಕ್‌ನ ಮೊಟ್ಟಮೊದಲ ಪೈಲಟ್ ಎಪಿಸೋಡಲ್ಲಿ, ಅಂದ್ರೆ ಚಾನೆಲ್‌ಗೆ ತೋರಿಸೋಕೆ ಮಾಡಿದ ಮಾದರಿ ಕಂತಲ್ಲಿ, ಪೈಕ್ ಆಗಿದ್ದು ಜೆಫ್ರಿ ಹಂಟರ್. ಅದನ್ನ ಚಾನೆಲ್‌ನೋರು ಬೇಡ ಅಂದ್ರು, ಆಮೇಲೆ 1966ರಲ್ಲಿ ಆ ರೀಲನ್ನೇ ಫ್ಲ್ಯಾಶ್‌ಬ್ಯಾಕ್ ಮಾಡಿ ದಿ ಮೆನಾಜರಿ ಅಂತ ಎರಡು ಭಾಗ ತೆಗೆದ್ರು, ಅದರಲ್ಲಿ ಅಪಘಾತದಲ್ಲಿ ಸುಟ್ಟು ಕುರ್ಚಿಯಲ್ಲಿ ಕೂತ ಪೈಕ್‌ನ ಮಾಡಿದ್ದು ಶಾನ್ ಕೆನ್ನಿ ಅಂತ ಬೇರೆ ನಟ. ಅಂದ್ರೆ ಮೊದಲ ವರ್ಷದಲ್ಲೇ ಒಂದೇ ಕಥೆಯೊಳಗೇ ಒಂದೇ ಪಾತ್ರಕ್ಕೆ ಇಬ್ಬರು.

ಹಡಗಿನ ಒಳಗೆ ಆಗ ಬಣ್ಣದ ಗುಂಡಿಗಳಿದ್ವು ಈಗ ಎಲ್ಲಾ ಟಚ್ ಸ್ಕ್ರೀನು ಅನ್ನೋ ಜಗಳಕ್ಕೆ ನಾನು ಹೋಗೋದೇ ಇಲ್ಲ. ಕ್ಲಿಂಗಾನ್ ಅನ್ನೋ ಬೇರೆ ಗ್ರಹದೋರ ಹಣೆ ಜಗಳಾನೂ ಅಷ್ಟೇ, 1967ರಲ್ಲಿ ನುಣ್ಣಗಿತ್ತು, ದುಡ್ಡು ಬಂದ್ಮೇಲೆ 1979ರ ಸಿನಿಮಾದಲ್ಲಿ ಏಣುಏಣಾಯ್ತು, 1996ರಲ್ಲಿ ವಾರ್ಫ್ ಅನ್ನೋ ಕ್ಲಿಂಗಾನ್‌ನ ಕೇಳಿದ್ರೆ ಹೊರಗಿನವರ ಹತ್ರ ನಾವು ಆ ಮಾತೆತ್ತಲ್ಲ ಅಂದುಬಿಟ್ಟ, ಚಂದ ಇತ್ತು, ಅಲ್ಲಿಗೇ ಬಿಡಬಹುದಿತ್ತು, 2005ರಲ್ಲಿ ಅದಕ್ಕೆ ವೈರಸ್ ಅಂತ ಎರಡು ಎಪಿಸೋಡ್ ಖರ್ಚು ಮಾಡಿದ್ರು.

ನಾನು ನೋಡೋದು ಇನ್ನೊಂದನ್ನ. ಹೊಸದು ನೋಡಿ ಎದ್ದು ಹಳೇದನ್ನ ಮತ್ತೆ ಹಾಕಿದ್ರೆ ಆ ಹಳೇದರ ತೂಕ ಏರತ್ತಾ, ಇಳಿಯತ್ತಾ?

ಇದು ನನಗೆ ಹೊಳೆದಿದ್ದು ಅಣ್ಣನ ಮಗಳಿಂದ. ಅವಳು ಶುರು ಮಾಡಿದ್ದೇ ಹೊಸ ಸೀರಿಯಲ್ಲಿಂದ, ಅವಳಿಗೆ ಪೈಕ್ ಅಂದ್ರೆ ಆನ್ಸನ್ ಮೌಂಟ್, ಬೇರೆ ಮಾತಿಲ್ಲ. ಹೋದ್ವರ್ಷ ಆಷಾಢದ ಮಳೆಯಲ್ಲಿ ಮೂರು ದಿನ ಕರೆಂಟಿಲ್ದೆ ಕೂತು, ಬಂದ ರಾತ್ರಿ ಅವಳಿಗೆ ದಿ ಮೆನಾಜರಿ ಹಾಕ್ದೆ. ಜೆಫ್ರಿ ಹಂಟರ್ ಬಂದ ತಕ್ಷಣ ಅವಳು, ಚಿಕ್ಕಪ್ಪಾ ಇದ್ಯಾರು, ಪೈಕ್ ಹಿಂಗಿಲ್ವಲ್ಲಾ ಅಂದ್ಲು. ಎಲ್ಲರೂ ನನ್ನ ಕೇಳೋ ಪ್ರಶ್ನೇನೇ, ಆದ್ರೆ ತಲೆಕೆಳಗಾಗಿ! ಅವಳ ಲೆಕ್ಕದಲ್ಲಿ ಹಂಟರೇ ಬೇರೆ ಮುಖ. ಆಮೇಲೆ ಆ ಕುರ್ಚಿ ಬಂತು. ಮಾತಿಲ್ಲ, ಕೈಕಾಲು ಆಡಲ್ಲ, ಒಂದು ದೀಪ, ಹೌದು ಅನ್ನೋಕೆ ಒಂದ್ಸಲ, ಇಲ್ಲ ಅನ್ನೋಕೆ ಎರಡು ಸಲ ಮಿನುಗತ್ತೆ. ಅವಳು ಶಾಲಿನ ತುದಿ ಬಾಯಿಗೆ ಒತ್ಕೊಂಡು ಕೂತ್ಲು, ಆ ದೀಪ ಎರಡು ಸಲ ಮಿನುಗಿದಾಗ ಕಣ್ಣಲ್ಲಿ ನೀರು. ಯಾಕಂದ್ರೆ ಅವಳಿಗೆ ಗೊತ್ತಿತ್ತು, ಡಿಸ್ಕವರಿ ಅನ್ನೋ ಇನ್ನೊಂದು ಸ್ಟಾರ್ ಟ್ರೆಕ್ ಸೀರಿಯಲ್ಲಿನ 2019ರ ಕಂತಲ್ಲಿ ಪೈಕ್‌ಗೆ ಈ ಕುರ್ಚಿ ಮೊದಲೇ ಕಾಣಿಸತ್ತೆ, ತಪ್ಪಿಸ್ಕೋಬಹುದಿತ್ತು, ಬೇರೆಯವರ ಜೀವಕ್ಕೋಸ್ಕರ ಸರಿ ಬರಲಿ ಅಂತ ಒಪ್ಕೋತಾರೆ, ಅಲ್ಲಿಂದಾಚೆ ಅವರು ಅಡಿಗೆ ಮಾಡಿ ಎಲ್ಲರನ್ನೂ ಕೂರಿಸಿ ಬಡಿಸ್ತಿದ್ರೂ ಅದು ಮನಸ್ಸಲ್ಲಿ ಇದ್ದೇ ಇರತ್ತೆ. ಆ ಕಂತು ನಾನು ಹತ್ತಾರು ಸಲ ನೋಡಿದೀನಿ, ಅತ್ತಿರಲಿಲ್ಲ. ಅಲ್ಲಿ ಸ್ಪಾಕ್ ಒಂದು ಮಾತು ಹೇಳ್ತಾನೆ, ಪೈಕ್ ಕೈಕೆಳಗೆ 11 ವರ್ಷ, 4 ತಿಂಗಳು, 5 ದಿನ ಕೆಲಸ ಮಾಡಿದೀನಿ ಅಂತ. ಮೊದಲೆಲ್ಲಾ ಅದು ನನಗೆ ಬರೀ ಲೆಕ್ಕ, ಸ್ಪಾಕ್ ಅಲ್ವಾ, ದಿನ ಎಣಿಸ್ತಾನೆ ಬಿಡು ಅನ್ಕೋತಿದ್ದೆ. ಆ ರಾತ್ರಿ ಆ ಐದು ದಿನ ನನ್ನ ಗಂಟಲಲ್ಲಿ ಸಿಕ್ಕಾಕ್ಕೊಳ್ತು. ಮರಣದಂಡನೆ ಆದ್ರೂ ಆಗಲಿ ಅಂತ ಹಡಗನ್ನೇ ಕದ್ದು ಪೈಕ್‌ನ ಕರ್ಕೊಂಡು ಹೋಗೋ ಸ್ಪಾಕ್ ಇದಾನಲ್ಲ, ಅವನು ಯಾಕೆ ಹಂಗೆ ಮಾಡಿದ ಅನ್ನೋದು ನನಗೆ ಮನಸಾರೆ ಅರ್ಥ ಆಗಿದ್ದು ಈಗ.

ಆದ್ರೆ ಇದೇ ತಕ್ಕಡಿ ಹಿಡಿದ್ರೆ ಗೊರ್ನ್ ಅನ್ನೋ ಬೇರೆ ಗ್ರಹದ ಜೀವಿಗಳ ವಿಷಯದಲ್ಲಿ ನನಗೆ ನಿಜವಾಗ್ಲೂ ನೋವಿದೆ. 1967ರ ಅರೀನಾ ಅನ್ನೋ ಎಪಿಸೋಡಲ್ಲಿ ಮನುಷ್ಯರಿಗೆ ಗೊರ್ನ್ ಯಾರು ಅಂತಲೇ ಗೊತ್ತಿರಲ್ಲ. ಮೆಟ್ರಾನ್ ಅನ್ನೋರು ಕರ್ಕ್‌ನೂ ಆ ಹಲ್ಲಿ ಮೈಯ ಕ್ಯಾಪ್ಟನ್ನನ್ನೂ ಒಂದು ಬಂಡೆಗಾಡಲ್ಲಿ ಬಿಟ್ಟು ಹೊಡೆದಾಡಿ ಅಂತಾರೆ, ಕರ್ಕ್ ಗಂಧಕ, ಇದ್ದಿಲು ಎಲ್ಲಾ ಬೆರೆಸಿ ಬಿದಿರಿನ ಕೋವಿ ಮಾಡಿ ಗೆಲ್ತಾನೆ, ಗೆದ್ದ ಮೇಲೆ ಕೊಲ್ಲಲ್ಲ, ಅವರ ಜಾಗಕ್ಕೆ ನಾವೇ ನುಗ್ಗಿದ್ದೇನೋ, ಅವರು ಕಾಪಾಡ್ಕೊಂಡ್ರೇನೋ ಅಂತ ಅಷ್ಟೊತ್ತಿಗೆ ಅವನಿಗೆ ಅನ್ನಿಸಿರತ್ತೆ. ತೋಟಕ್ಕೆ ಬಂದ ಆನೇನ ಬೈಯೋವಾಗಲೂ ಕಾಡು ಮೊದಲು ಯಾರದಿತ್ತು ಅಂತ ಒಂದು ಕ್ಷಣ ಯೋಚ್ನೆ ಮಾಡೋ ನಮ್ಮಂಥೋರಿಗೆ ಆ ಸೀನ್ ಬಹಳ ದೊಡ್ಡದು. ಹೊಸ ಸೀರಿಯಲ್ಲಲ್ಲಿ ಅದೇ ಗೊರ್ನ್‌ಗಳು ಮನುಷ್ಯರ ಮೈಯೊಳಗೆ ಮೊಟ್ಟೆ ಇಡೋ ರಾಕ್ಷಸರು, ಹಡಗಲ್ಲಿ ಎಲ್ಲರಿಗೂ ಅವುಗಳ ಭಯ. ಎಲ್ಲಾ ಗೊತ್ತಿದ್ಮೇಲೆ ಕರ್ಕ್‌ನ ಆ ಅನುಮಾನ ಎಲ್ಲಿ ನಿಲ್ಲತ್ತೆ? ಅದಕ್ಕೂ ಮುಂಚೆ ಹಡಗಲ್ಲಿ ಸ್ಪಾಕ್ ಹತ್ರಾನೇ ಇದ್ದ, ಒಂದು ಮಾತು ಹೇಳ್ತಿರಲಿಲ್ವಾ? ಮುಖ ಬದಲಾದಾಗ ಆಗದ ಸಂಕಟ ನನಗೆ ಇಲ್ಲಿ ಆಗಿದೆ.

2025ರಲ್ಲಿ, ಹೊಸ ಸೀರಿಯಲ್ಲಲ್ಲಿ ಹಡಗು ನಡೆಸೋ ಒರ್ಟೇಗಾಸ್ ಒಂದು ಗೊರ್ನ್ ಜೊತೆ ಹಾಳು ಚಂದ್ರನ ಮೇಲೆ ಸಿಕ್ಕಾಕ್ಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ಬದುಕಿಸ್ಕೊಳ್ಳೋ ಎಪಿಸೋಡ್ ಬಂತು, ಅದರಲ್ಲಿ ಮೆಟ್ರಾನ್ ಕೂಡ ಬರ್ತಾರೆ. ಬರೆದೋರಿಗೂ ಈ ಬಿರುಕು ಕಂಡಿದೆ, ಹೊಲಿಯೋಕೆ ಕೂತಿದಾರೆ ಅಂತ ಗೊತ್ತಾಗಿ ಅರ್ಧ ಸಮಾಧಾನ ಆಯ್ತು.

ಅಣ್ಣನ ಮಗಳು ಅರೀನಾ ಇನ್ನೂ ನೋಡಿಲ್ಲ. ಗೊರ್ನ್ ಬಂದ್ರೆ ಸಾಕು ದಿಂಬು ಮುಖಕ್ಕೆ ಹಿಡ್ಕೊಳ್ಳೋಳು ಅವಳು. ಪುತ್ತರಿ ಹಬ್ಬಕ್ಕೆ ಮನೆಗೆ ಬರ್ತಾಳೆ, ಆಗ ಹಾಕ್ತೀನಿ. ಕರ್ಕ್ ಕೈಯಲ್ಲಿದ್ದ ಕಲ್ಲಿನ ಚಾಕುನ ಪಕ್ಕಕ್ಕೆ ಬಿಸಾಕಿ, ಕೊಲ್ಲಲ್ಲ ಅಂದಾಗ ನಾನು ಟಿವಿ ಕಡೆ ನೋಡಲ್ಲ, ಅವಳ ಕಡೆ ನೋಡ್ತೀನಿ.